ಮಲ್ಲಿಗೆ ವಾಸನೆ ಕಟ್ಟೋಕೆ ನಂಗೆ ಎಂಟು ತಿಂಗಳು ಹಿಡೀತು

ಕೆಮಿಸ್ಟ್ರಿ ಎಂಎಸ್ಸಿ ಮುಗಿಸಿ ಬೆಂಗಳೂರಲ್ಲಿ ಅಗರಬತ್ತಿ, ಸೋಪಿನವ್ರಿಗೆ ಕಾಂಪೌಂಡ್ ಮಾಡ್ಕೊಡೋ ಯೂನಿಟ್‌ಗೆ ನಾನು ಸೇರಿದ್ದು ಕ್ವಾಲಿಟಿ ಚೆಕ್ ಕೆಲಸಕ್ಕೆ, ಪರ್ಫ್ಯೂಮರ್, ಅಂದ್ರೆ ಸೆಂಟು ಕಟ್ಟೋಳು ಆಗ್ತೀನಿ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಕಾಂಪೌಂಡ್ ಅಂದ್ರೆ ಇಪ್ಪತ್ತೋ ಮೂವತ್ತೋ ಮೆಟೀರಿಯಲ್ ತೂಕ ಹಾಕಿ ಬೆರೆಸಿದ ಸೆಂಟು, ಅದನ್ನ ಡಿಇಪಿ ಅನ್ನೋ ವಾಸನೆಯಿಲ್ಲದ ದ್ರವದಲ್ಲಿ ಕಲಸಿ ಬತ್ತಿ ಅದ್ದಿ ಒಣಗಿಸ್ತಾರೆ.

ಮೊದಲ ವರ್ಷ ನಮ್ಮ ಸರ್ ನನಗೆ ಏನೂ ಬೆರೆಸೋಕೆ ಬಿಡ್ಲಿಲ್ಲ. ದಿನಾ ಹತ್ತು ಮೆಟೀರಿಯಲ್, 10% ಡೈಲ್ಯೂಷನ್, ಕಾಗದದ ಸ್ಟ್ರಿಪ್ ಅದ್ದಿ ಮೂಸೋದು, ಒಂದು ಗಂಟೆ ಬಿಟ್ಟು ಮತ್ತೆ, ಸಂಜೆ ಮತ್ತೆ, ಮಾರನೇ ದಿನ ಮತ್ತೆ. "ಪುಸ್ತಕದ ಪದ ಬರೀಬೇಡಮ್ಮ, ನಿಮ್ಮನೇಲಿ ಯಾವುದು ನೆನಪಾಗುತ್ತೋ ಅದು ಬರಿ" ಅಂತಿದ್ರು. ಹಂಗಾಗಿ ನನ್ನ ನೋಟ್‌ಬುಕ್ಕಲ್ಲಿ ಕೌಮರಿನ್ ಮುಂದೆ ಒಣಹುಲ್ಲಿನ ಬಣವೆ, ಫಿನೈಲ್ ಇಥೈಲ್ ಮೀಥೈಲ್ ಈಥರ್ ಮುಂದೆ ಕೇದಿಗೆ, ಅಜ್ಜಿ ಜಡೆ ಅಂತಿದೆ. ಕೇದಿಗೆ ಎಣ್ಣೆಯಲ್ಲಿ ಬಹುಪಾಲು ಇರೋದೇ ಈ ಈಥರ್ ಅಂತ ಆಮೇಲೆ ಓದಿದೆ, ಆವತ್ತಿಂದ ಸಿಂಥೆಟಿಕ್ ಅಂದ್ರೆ ನಕಲಿ ಅನ್ನೋ ಮಾತು ನನಗೆ ಒಪ್ಪಿಗೆ ಆಗಲ್ಲ, ಹೂವಿನಲ್ಲಿರೋ ಅಣುನೂ ಡ್ರಮ್ಮಲ್ಲಿರೋ ಅಣುನೂ ಒಂದೇ.

ಎರಡನೇ ವರ್ಷ ಮಲ್ಲಿಗೆ ವಾಸನೆ ಕಟ್ಟೋ ಕೆಲಸ ಕೊಟ್ರು. ನಿಜವಾದ ಮಲ್ಲಿಗೆ ಅಬ್ಸೊಲ್ಯೂಟ್, ಅಂದ್ರೆ ಹೂವಿನ ಸಾರ, ತಮಿಳುನಾಡಲ್ಲಿ ಸಾಲ್ವೆಂಟ್ ಹಾಕಿ ತೆಗೀತಾರೆ, ಬತ್ತಿಗೆ ಹಾಕೋ ರೇಟಲ್ಲ ಅದು. ಅದಕ್ಕೇ ನಾನು ಬೆರೆಸಿದ್ದು ಬೇರೆ ಮೆಟೀರಿಯಲ್‌ಗಳನ್ನ: ಬೆಂಜೈಲ್ ಅಸಿಟೇಟ್ ಜಾಸ್ತಿ, ಲಿನಲೂಲ್, ಸ್ವಲ್ಪ ಸಿಸ್ ಜಾಸ್ಮೋನ್, ಮೀಥೈಲ್ ಆಂಥ್ರನಿಲೇಟ್, ಮೇಲೆ ಹೆಡಿಯೋನ್. ಈ ಹೆಡಿಯೋನನ್ನ ಪರ್ಫ್ಯೂಮರ್ ಎಡ್ಮಂಡ್ ರೂಡ್ನಿಟ್‌ಸ್ಕ 1966ರಲ್ಲಿ ಡಿಯೋರ್‌ನ ಓ ಸೊವಾಜ್ ಅನ್ನೋ ಸೆಂಟಿಗೆ ಹಾಕಿ ಹೆಸರು ತಂದ್ಕೊಟ್ರು, ಒಂದೇ ಮೂಸಿದ್ರೆ ಇದೇನು ವಾಸನೇನೇ ಇಲ್ವಲ್ಲ ಅನ್ಸುತ್ತೆ, ಆದ್ರೆ ಬೆರೆಸಿದ್ರೆ ಕಿಟಕಿ ತೆಗೆದಂಗೆ ಗಾಳಿ ಆಡುತ್ತೆ. ಎಲ್ಲಾ ಸರಿಯಾಗಿ ಹಾಕಿದ್ದೆ. ಸ್ಟ್ರಿಪ್ ಮನೆಗೆ ತಗೊಂಡ್ ಹೋಗಿ ಅಮ್ಮನಿಗೆ ಕೊಟ್ರೆ "ಚೆನ್ನಾಗಿದೆ ಕಣೆ, ಯಾವ ಸೋಪು?" ಅಂದ್ರು.

ಅದು ತುಂಬಾ ನೋವಾಯ್ತು. ಒಂದು ಶನಿವಾರ ಎರಡು ಮೊಳ ಮೈಸೂರು ಮಲ್ಲಿಗೆ ಮೊಗ್ಗು ತಂದು ಒದ್ದೆ ಬಟ್ಟೇಲಿ ಇಟ್ಟು, ಸಂಜೆ ಐದರಿಂದ ಗಂಟೆಗೊಂದ್ಸಲ ಮೂಸ್ತಾ ಕೂತೆ. ಐದಕ್ಕೆ ಬರೀ ಹಸಿರು, ಕೊಯ್ದ ಹುಲ್ಲಿನ ಥರ, ಎಂಟರ ಹೊತ್ತಿಗೆ ಅರಳಿ ಸಿಹಿ, ರಾತ್ರಿ ಹನ್ನೊಂದಕ್ಕೆ ಅದೇ ಹೂವಲ್ಲಿ ಮೈ ಬಿಸಿಯಂಥ, ಸ್ವಲ್ಪ ಹೇಸಿಗೆ ಅನ್ನಿಸೋವಂಥ ಏನೋ ಒಂದು. ಅದು ಇಂಡೋಲ್, ಮಲ್ಲಿಗೆ ಹೂವಲ್ಲೇ ಇರೋ ಒಂದು ಅಣು! ಬಾಟಲಿಯಲ್ಲಿ ನುಸಿಗುಳಿಗೆ, ಕಕ್ಕಸಿನ ವಾಸನೆ ಅಂತ ನಾನು ಹತ್ರಾನೂ ಸೇರಿಸಿರ್ಲಿಲ್ಲ. ಸಾವಿರ ಪಾಲಿಗೆ 2 ಹಾಕಿದೆ, ಏನೂ ಗೊತ್ತಾಗ್ಲಿಲ್ಲ, 20 ಹಾಕಿದೆ, ಬಾಡಿದ ಹೂವು. 8ಕ್ಕೆ ಇಳಿಸಿ, ಮೊಗ್ಗಿನ ಹಸಿರಿಗೆ ಸಿಸ್-3-ಹೆಕ್ಸೆನೈಲ್ ಅಸಿಟೇಟ್ ಚೂರು ಸೇರಿಸಿದ್ಮೇಲೆ ಅಮ್ಮ ಸ್ಟ್ರಿಪ್ ವಾಪಸ್ ಕೊಡ್ಲಿಲ್ಲ, ಸೆರಗಿನಲ್ಲಿ ಸಿಕ್ಕಿಸ್ಕೊಂಡ್ರು.

ಬತ್ತಿಗೆ ಅದು ಹೊಂದ್ಕೊಳ್ಳೋಕೆ ಇನ್ನೂ ಮೂರು ತಿಂಗಳು, ಯಾಕಂದ್ರೆ ಬೆಂಜೈಲ್ ಅಸಿಟೇಟ್ ಒಣಗುವಾಗ್ಲೇ ಹಾರಿಹೋಗುತ್ತೆ, ಉರಿದ್ರೂ ಉಳಿಯೋ, ಬೇಗ ಹಾರದ ಭಾರದ ಮೆಟೀರಿಯಲ್ ಬೇರೆ ಬೇಕು. ಅದೇ ಫಾರ್ಮುಲಾ ಒಬ್ಬರು ಬಿಳಿ ಸೋಪಿಗೆ ಕೇಳಿದ್ರು, ಆರು ವಾರದಲ್ಲಿ ಸೋಪು ನಸುಗೆಂಪಾಯ್ತು, ಇಂಡೋಲ್ ಬಣ್ಣ ತಿರುಗಿಸುತ್ತೆ. ಸೋಪಿಗೆ ಇಂಡೋಲನ್ನ ಸಾವಿರಕ್ಕೆ 1 ಪಾಲಿಗೆ ಇಳಿಸಿ, ಹೆಡಿಯೋನ್ ಡಬಲ್ ಮಾಡಿ ಕೊಟ್ಟೆ. ಸೋಪು ಬೆಳ್ಳಗೆ ಉಳೀತು, ಆದ್ರೆ ರಾತ್ರಿ ಹನ್ನೊಂದರ ಮಲ್ಲಿಗೆ ಅದರಲ್ಲಿಲ್ಲ, ಎಂಟರದ್ದಷ್ಟೇ ಇದೆ.