ಡಿಬಿಎ ರೂಲ್ಸ್ ಹಿಡಿದು ತೋಲೋಲಿಂಗ್ ಹತ್ತಿದೆ

ನಾವು ಮೇಜಿನ ಮೇಲೆ ಬೊಂಬೆ ಸೈನಿಕರನ್ನಿಟ್ಟು, ದಾಳ ಹಾಕಿ ಯುದ್ಧದಾಟ ಆಡುವವರು. ಈಟಿ, ಗುರಾಣಿ ಕಾಲದ ರೂಲ್ಸ್‌ನಲ್ಲಿ ಕಾರ್ಗಿಲ್ ಯುದ್ಧದ ತೋಲೋಲಿಂಗ್ ಶಿಖರದ ಕಾಳಗ ಆಡೋಕಾಗಲ್ಲ ಅಂತ ನಮ್ಮ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. ಆಗುತ್ತದೆ. ಈಗ ಶನಿವಾರ ಬಂತೆಂದರೆ ಅವರೇ ನನಗಿಂತ ಮುಂಚೆ ಮೇಜಿನ ಹತ್ತಿರ ಇರುತ್ತಾರೆ.

ನಾನು ಹಿಡಿದದ್ದು ಡಿಬಿಎ, ಅಂದರೆ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ಎಂಬ ಹಳೇ ಕಾಲದ ಯುದ್ಧಗಳ ರೂಲ್ಸ್. 1990ರಲ್ಲಿ ಬಂದದ್ದು. ಪಕ್ಷಕ್ಕೆ 12 ಬೇಸ್ (ಬೊಂಬೆಗಳನ್ನು ಅಂಟಿಸಿದ ಚಿಕ್ಕ ತಟ್ಟೆ), ಟರ್ನ್‌ಗೆ ಒಂದು ದಾಳ, ಬಿದ್ದಷ್ಟು ಪಿಪ್, ಅಂದರೆ ಬೇಸ್‌ಗಳನ್ನು ನಡೆಸಲು ಖರ್ಚು ಮಾಡುವ ಅಂಕ. ಈಗ ನಮ್ಮ ಸೇನೆಯ ಒಂದು ಪ್ಲಟೂನ್ ಲೆಕ್ಕ ಹಾಕಿ. ಮೂರು ಸೆಕ್ಷನ್, ಒಂದೊಂದರಲ್ಲೂ 10 ಜನ. ಅದನ್ನು ನಾಲ್ಕು, ನಾಲ್ಕು, ಒಂದು ಎಲ್‌ಎಂಜಿ (ಲಘು ಮೆಷಿನ್‌ಗನ್) ಜೋಡಿ ಎಂದು ಒಡೆದರೆ ಒಂಬತ್ತು ಬೇಸ್. ಜೊತೆಗೆ ಪ್ಲಟೂನ್ ಕಮಾಂಡರ್, ಒಂದು ಎಂಎಂಜಿ (ಮಧ್ಯಮ ಮೆಷಿನ್‌ಗನ್), ಒಂದು 84 ಎಂಎಂ ರಾಕೆಟ್ ಲಾಂಚರ್. 12 ಆಯ್ತು ಅಲ್ವಾ? ಇದು ಹೊಳೆದ ಮೇಲೆ ನಾನು ಬೇರೆ ರೂಲ್ಸ್ ಹುಡುಕಲೇ ಇಲ್ಲ.

ಮೊದಲು ಗುಂಡು ಹಾರಿಸೋಕೂ ಪಿಪ್ ಇಟ್ಟು ನೋಡಿದೆ. ಆಟ ಸತ್ತೇಹೋಯಿತು. ಇರುವ ಎರಡು ಮೂರು ಪಿಪ್ಪನ್ನು ಹತ್ತೋಕೆ ಖರ್ಚು ಮಾಡಬೇಕೋ ಹೊಡೆಯೋಕೋ ಎಂದು ಎಲ್ಲರೂ ಸುಮ್ನೆ ಕೂತರು. ಫೈರಿಂಗ್ ಬಿಟ್ಟಿ ಮಾಡಿದೆ. ಆಗ ಇನ್ನೊಂದು ಕಾಟ ಶುರುವಾಯಿತು. ಮೂಲ ರೂಲ್ಸ್ ಪ್ರಕಾರ ಇಬ್ಬರೂ ತಮ್ಮ ಬೇಸಿನ ಅಂಕಿಗೆ ದಾಳ ಕೂಡಿಸುತ್ತಾರೆ, ಮೊತ್ತ ಕಡಿಮೆಯಾಗಿ ಸೋತ ಬೇಸ್ ಹಿಂದೆ ಸರಿಯಬೇಕು. ಶಿಖರದ ಮೇಲಿನ ಶತ್ರುಗಳ ಎಂಎಂಜಿ ಹೊಡೆದಂತೆಲ್ಲ ನಮ್ಮವರು ಇಳಿದು ಇಳಿದು ಬೆಟ್ಟದ ಕೆಳಗಿನ ಶ್ರೀನಗರ-ಲೇಹ್ ರಸ್ತೆಗೇ ಬಂದುಬಿಟ್ಟರು!

ಅಲ್ಲೇ ಕೀಲಿ ಸಿಕ್ಕಿದ್ದು. ಗುಂಡಿಗೆ ಸೋತವನು ಹಿಂದೆ ಸರಿಯುವುದಿಲ್ಲ, ಇದ್ದಲ್ಲೇ ಮಲಗುತ್ತಾನೆ. ಎಬ್ಬಿಸೋಕೆ ಒಂದು ಪಿಪ್. ಎದುರಾಳಿಯ ಮೊತ್ತ ದುಪ್ಪಟ್ಟು ಅಥವಾ ಇನ್ನೂ ಹೆಚ್ಚಾದರೆ ಮಾತ್ರ ಬೇಸ್ ಹೋಗುತ್ತದೆ. ಇಷ್ಟೇ ಬದಲಾವಣೆ, ಇಡೀ ಆಟ ಎದ್ದು ಕೂತಿತು.

ಅಂಕಿಗಳು ಹೀಗಿವೆ. ರೈಫಲ್ ತಂಡ 2, ಎಲ್‌ಎಂಜಿ 3, ಎಂಎಂಜಿ 4. ಸಂಗರ್, ಅಂದರೆ ಕಲ್ಲು ಪೇರಿಸಿ ಕಟ್ಟಿದ ಮರೆಯ ಒಳಗಿದ್ದರೆ ಇನ್ನೆರಡು ಸೇರಿಸಿ. ಅಂದರೆ ಸಂಗರ್‌ನಲ್ಲಿರುವ ರೈಫಲ್ ತಂಡ 4. ನಮ್ಮ ಎಂಎಂಜಿ ಅವರನ್ನು ಗುಂಡಿನಿಂದಲೇ ಮುಗಿಸೋಕೆ 36ರಲ್ಲಿ ಒಂದೇ ಅವಕಾಶ. ರೈಫಲ್‌ಗೆ ಅದೂ ಇಲ್ಲ. ಆದರೆ ಮಲಗಿಸಿದ ಮೇಲೆ ನಮ್ಮ ರೈಫಲ್ ತಂಡ ಹತ್ತಿರ ಹೋದರೆ ಕಲ್ಲಿನ +2 ಕಳೆಯುತ್ತದೆ, ಗ್ರೆನೇಡಿಗೆ ನಮಗೊಂದು ಸೇರುತ್ತದೆ. ಆಗ ಆರರಲ್ಲಿ ಒಂದು ಸಲ ಎದುರಾಳಿ ನಿರ್ನಾಮ. ಬರಿ ಗೆದ್ದರೂ ಅವರು ಸಂಗರ್ ಬಿಟ್ಟು ಹಿಂದೆ ಸರಿಯಬೇಕು. ಕೈಗೆ ಕೈ ಹತ್ತಿದಾಗ ಮಾತ್ರ ಹಳೇ ರೂಲ್ಸ್ ಹಾಗೇ ಉಳಿಸಿದ್ದೇನೆ. 1999ರಲ್ಲಿ ನಮ್ಮ ಸೇನೆಯ 18 ಗ್ರೆನೇಡಿಯರ್ಸ್ ಬೆಟಾಲಿಯನ್ ವಾರಗಟ್ಟಲೆ ಹೆಣಗಿದ್ದೂ, ಜೂನ್ 13ರ ಬೆಳಗಿನ ಹೊತ್ತಿಗೆ 2 ರಾಜಪುತಾನಾ ರೈಫಲ್ಸ್ ಬೆಟಾಲಿಯನ್ ಶಿಖರ ಹಿಡಿದದ್ದೂ ಯಾಕೆ ಅಷ್ಟು ಕಷ್ಟದ ಕೆಲಸವಾಗಿತ್ತು ಎಂದು ಈ ದಾಳದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಆಡಿದವರೆಲ್ಲ ಒಂದು ಕ್ಷಣ ಮಾತು ನಿಲ್ಲಿಸುತ್ತಾರೆ.

ಬೋಫೋರ್ಸ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಂಡೆ. ಅಲ್ಲಿ ಆ ಫಿರಂಗಿಗಳನ್ನು ಕಣ್ಣಿಗೆ ಕಾಣುವ ಬಂಕರ್‌ಗಳ ಮೇಲೆ ನೇರವಾಗಿಯೂ ಹಾರಿಸಿದ್ದರು. ಆಟದ ನಡುವೆ ಅವನ್ನು ಹಾರಿಸಲು ಬಿಟ್ಟರೆ ಬೇರೆ ಯಾವುದಕ್ಕೂ ಬೆಲೆ ಉಳಿಯಲಿಲ್ಲ. ಈಗ ಶುರುವಿಗೆ ಮೊದಲೇ ಎಷ್ಟು ಬೇಕಾದರೂ ಹೊಡೆಯಬಹುದು, ಒಂದೊಂದು ಸುತ್ತಿಗೂ ಕತ್ತಲೆಯ ಒಂದು ಟರ್ನ್ ಹೋಗುತ್ತದೆ. ಬೆಳಕಾದರೆ ಬೆಟ್ಟದ ಮೈಮೇಲೆ ಅಡಗಲು ಜಾಗವಿಲ್ಲ.

ದುಡ್ಡಿನ ವಿಷಯ. 28 ಎಂಎಂ ಎತ್ತರದ ಲೋಹದ ಬೊಂಬೆ 20 ತರಿಸಿದ್ದಕ್ಕೆ ಹತ್ತಿರ ಹತ್ತಿರ 7,000 ಆಯಿತು, ಕಸ್ಟಮ್ಸ್ ಸುಂಕ ಬೇರೆ. ಪಾರ್ಸೆಲ್‌ನಲ್ಲಿ ಅರ್ಧದಷ್ಟು ಬಂದೂಕು ಬಾಗಿದ್ದವು, ಮಾರಿದವನು ಉತ್ತರವನ್ನೇ ಕೊಡಲಿಲ್ಲ. ಆಮೇಲೆ 1/72 ಅಳತೆಯ ಚಿಕ್ಕ ಪ್ಲಾಸ್ಟಿಕ್ ಬೊಂಬೆಗೆ ಇಳಿದೆ. ನಾಲ್ಕು ಪೆಟ್ಟಿಗೆಯಲ್ಲಿ ಎರಡೂ ಪಕ್ಷ ಮುಗಿಯಿತು, 4,000ದ ಒಳಗೆ. ಬೇರೆ ದೇಶದ ಸೈನಿಕರೇ, ಹೆಲ್ಮೆಟ್ ಕೆತ್ತಿ ಪುಟ್ಟಿ ಹಾಕಿ ನಮ್ಮವರನ್ನಾಗಿ ಮಾಡಿದೆ. ಥರ್ಮಕೋಲ್ ಬೆಟ್ಟವನ್ನು ಸ್ಪ್ರೇ ಪೇಂಟ್ ತಿಂದುಹಾಕಿತು. ಗಟ್ಟಿ ಫೋಮ್ ಶೀಟಿಗೆ ಸುಮಾರು 1,500 ಬಿತ್ತು. ಸಂಗರ್‌ಗಳಿಗೆ ಮೀನಿನ ತೊಟ್ಟಿಯ ಕಲ್ಲು, ಫೆವಿಕಾಲ್.

ಎತ್ತರದಲ್ಲಿ ಉಸಿರು ಕಟ್ಟುವುದಕ್ಕೂ ಒಂದು ರೂಲ್ ಇದೆ. ಅದೇ ಈ ಆಟದ ಜೀವ. ಅದನ್ನು ಹೇಗೆ ಎಣಿಸುತ್ತೇನೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ನನ್ನ ಮೇಜಿಗೆ ಬಂದವರಿಗೆ ಮಾತ್ರ ತೋರಿಸುವುದು. ಅದು ಸೇರಿದ ಮೇಲೆ ಒಂದು ಆಟ ಒಂದೂಕಾಲು ಗಂಟೆಯಲ್ಲಿ ಮುಗಿಯುತ್ತದೆ. ಹತ್ತುವವರು ಐದಕ್ಕೆ ಎರಡು ಆಟ ಗೆಲ್ಲುತ್ತಿದ್ದಾರೆ. ಇದನ್ನು ಐದಕ್ಕೆ ಮೂರು ಮಾಡಿ ಅಂತ ಗೆಳೆಯರು ಕೇಳುತ್ತಿದ್ದಾರೆ, ನಾನು ಒಪ್ಪಿಲ್ಲ.