ಕಾಟಾ ಕೋಣೆಯಲ್ಲಿ ಓದಿದ ಮಾಯಾಲೋಕಗಳು

ಮೊದಲೇ ಹೇಳಿಬಿಡ್ತೇನೆ, ನಾನು ಇಂಗ್ಲಿಷ್ ಮೇಷ್ಟ್ರಲ್ಲ. ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಹೇಗೋ ಬಿ.ಕಾಂ. ಸುಗ್ಗಿ ಬಂತೆಂದರೆ ರಾತ್ರಿ ಪಾಳಿ ಇರುತ್ತದೆ. ಭತ್ತದ ಲಾರಿ ಬಂದ ಹಾಗೆ ತೂಕ ನೋಡಿ ಚೀಟಿ ಕೊಡಬೇಕು. ವೇಬ್ರಿಡ್ಜಿಗೆ ನಮ್ಮ ಕಡೆ ಕಾಟಾ ಅನ್ನುತ್ತಾರೆ. ಆ ಕಾಟಾ ಪಕ್ಕ ಒಂದು ಸಣ್ಣ ಕೋಣೆ, ಒಂದು ಕುರ್ಚಿ, ಒಂದು ಫ್ಯಾನು. ಒಂದು ಲಾರಿ ಹೋಗಿ ಇನ್ನೊಂದು ಬರುವವರೆಗೆ ಮಾಡಲು ಏನೂ ಕೆಲಸ ಇಲ್ಲ. ಫೋನ್ ನೋಡಿ ನೋಡಿ ಕಣ್ಣುರಿ ಬಂದ ಮೇಲೆ ಪುಸ್ತಕ ಹಿಡಿದೆ. ಏಳೆಂಟು ವರ್ಷದಲ್ಲಿ ಅಲ್ಲಿ ಕೂತು ಓದಿದ್ದೆಲ್ಲ ಬಹುಪಾಲು ಮಾಟ, ಮಂತ್ರ, ದೆವ್ವ, ಡ್ರ್ಯಾಗನ್ ಇರುವ ಕಾದಂಬರಿಗಳೇ. ಈಗ ಗೆಳೆಯರು "ಯಾವುದರಿಂದ ಶುರು ಮಾಡ್ಲಿ" ಅಂತ ಕೇಳ್ತಾರೆ, ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಶುರು ಮಾಡಿದ್ದೇ ತಪ್ಪು ಪುಸ್ತಕದಿಂದ. ಹೊಸಪೇಟೆಯಲ್ಲಿ ಹಳೇ ಪುಸ್ತಕದ ರಾಶಿಯಲ್ಲಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಸಿಕ್ಕಿತು. ಟೋಲ್ಕೀನ್ ಬರೆದದ್ದು, 1954-55ರಲ್ಲಿ ಮೂರು ಸಂಪುಟವಾಗಿ ಬಂದದ್ದು. ನನಗೆ ಸಿಕ್ಕಿದ್ದು ಮೂರನ್ನೂ ಸೇರಿಸಿ ಹೊಲಿದ ಸಾವಿರಕ್ಕೂ ಹೆಚ್ಚು ಪುಟದ ಇಟ್ಟಿಗೆ. ಸಿನಿಮಾ ನೋಡಿದ್ದೆ, ಕೆಟ್ಟ ಶಕ್ತಿಯ ಒಂದು ಉಂಗುರವನ್ನು ಬೆಂಕಿಬೆಟ್ಟದೊಳಗೆ ಬಿಸಾಕಿ ನಾಶ ಮಾಡುವ ಕಥೆ ಅಂತ ಗೊತ್ತು, ಕಷ್ಟ ಏನಿದೆ ಅಂದುಕೊಂಡೆ. ತೆರೆದರೆ ಕಥೆಯೇ ಶುರುವಾಗಲಿಲ್ಲ. ಹಾಬಿಟ್ ಅನ್ನೋ ಗಿಡ್ಡ ಜನ ಎಲ್ಲಿದ್ದರು, ಹೇಗಿದ್ದರು, ಅವರು ಸೇದುವ ಸೊಪ್ಪು ಯಾವುದು ಅಂತ ಪುಟಗಟ್ಟಲೆ ಪೀಠಿಕೆ. ಹಲ್ಲು ಕಚ್ಚಿ ದಾಟಿದೆ. ಮುಂದೆ ಎಲ್ರಾಂಡ್ ಅನ್ನುವವನ ಮನೆಯಲ್ಲಿ ಒಂದು ಸಭೆ ಸೇರುತ್ತದೆ. ಆ ಅಧ್ಯಾಯ ಎಷ್ಟು ಉದ್ದ ಅಂದರೆ ನಮ್ಮ ವರ್ತಕರ ಸಭೆಯೂ ಅಷ್ಟು ಹೊತ್ತು ನಡೆಯಲ್ಲ. ಸಾಲದ್ದಕ್ಕೆ ಸೌರಾನ್ ಅಂತ ಒಬ್ಬ, ಸಾರುಮಾನ್ ಅಂತ ಇನ್ನೊಬ್ಬ. ಇಬ್ಬರೂ ಒಬ್ಬನೇ, ಅಚ್ಚಿನ ತಪ್ಪು ಇರಬೇಕು ಅಂತ ತಿಳಿದು ಎಷ್ಟೋ ಪುಟ ಓದಿದ್ದೆ! ಸಭೆಯ ನಡುವೆ ತಲೆ ಕೆಟ್ಟು ಪುಸ್ತಕ ಮುಚ್ಚಿ ಫೈಲುಗಳ ಕೆಳಗೆ ಇಟ್ಟೆ. ಒಂದು ವರ್ಷ ಮುಟ್ಟಲಿಲ್ಲ.

ದಾರಿ ತೋರಿಸಿದ್ದು ಒಂದು ತೆಳ್ಳಗಿನ ಪುಸ್ತಕ. ಉರ್ಸುಲಾ ಲೆ ಗ್ವಿನ್ ಬರೆದ 'ಎ ವಿಝರ್ಡ್ ಆಫ್ ಅರ್ಥ್‌ಸೀ', 1968ರದ್ದು. ಹೆಚ್ಚುಕಡಿಮೆ ಇನ್ನೂರು ಪುಟ. ಯಾರೇ ಕೇಳಿದರೂ ನಾನು ಮೊದಲು ಹೇಳುವ ಹೆಸರು ಇದೇ.

ಅರ್ಥ್‌ಸೀ ಅಂದರೆ ನೂರಾರು ದ್ವೀಪಗಳ ಲೋಕ. ಅಲ್ಲಿ ಪ್ರತಿ ವಸ್ತುವಿಗೂ, ಪ್ರತಿ ಮನುಷ್ಯನಿಗೂ ಒಂದು ನಿಜವಾದ ಹೆಸರು ಇರುತ್ತದೆ. ಆ ಹೆಸರು ಗೊತ್ತಾದವನಿಗೆ ಅದರ ಮೇಲೆ ಹಿಡಿತ ಸಿಗುತ್ತದೆ. ಹಾಗಾಗಿ ಯಾರೂ ನಿಜ ಹೆಸರು ಹೇಳಲ್ಲ, ಕರೆಯೋಕೆ ಬೇರೆ ಹೆಸರು ಇಟ್ಟುಕೊಂಡಿರ್ತಾರೆ. ಇದನ್ನು ಓದುತ್ತಿದ್ದ ಹಾಗೆ ನಮ್ಮಜ್ಜಿ ನೆನಪಾದಳು. ರಾತ್ರಿ ಹೊತ್ತು ಹಾವು ಅನ್ನೋ ಮಾತೇ ಅವಳ ಬಾಯಲ್ಲಿ ಬರ್ತಿರಲಿಲ್ಲ. "ಹುಳ ಅನ್ಬೇಕಪಾ, ಹೆಸರು ಹಿಡಿದ್ರ ಬರ್ತೈತಿ" ಅನ್ನುತ್ತಿದ್ದಳು. ಗಂಡನ ಹೆಸರು ಹೇಳಬೇಕಾದರೆ ಅದು ಒಡಪಿನೊಳಗೆ ಮಾತ್ರ, ಅದೂ ನಾಲ್ಕು ಜನ ಒತ್ತಾಯ ಮಾಡಿದ ಮೇಲೆ. ಡಿಕ್ಷನರಿ ಇಲ್ಲದೆ ನನಗೆ ಅರ್ಥವಾದ ಮೊದಲ ಇಂಗ್ಲಿಷ್ ಕಾದಂಬರಿ ಅದು, ಯಾಕಂದರೆ ಅದರ ಅರ್ಧ ನನಗೆ ಅಜ್ಜಿ ಆಗಲೇ ಕಲಿಸಿಬಿಟ್ಟಿದ್ದಳು. ಅದರಲ್ಲಿ ಒಂದು ಕಡೆ ನಾಯಕ ಗೆಡ್ ಸೋತು, ಮುಖದ ಮೇಲೆ ಗಾಯದ ಕಲೆ ಹೊತ್ತು, ಯಾರ ಮೇಲೂ ನಂಬಿಕೆ ಇಲ್ಲದೆ ಕೂತಿರುತ್ತಾನೆ. ಗೆಳೆಯ ಬಂದು ತನ್ನ ನಿಜ ಹೆಸರನ್ನು ಹೇಳಿಬಿಡುತ್ತಾನೆ. ಅಷ್ಟೇ. ಆದರೆ ಹೆಸರಿನ ಬೆಲೆ ಏನು ಅಂತ ಅಷ್ಟೊತ್ತಿಗೆ ನಮಗೆ ಗೊತ್ತಾಗಿರುತ್ತೆ. ಹೊರಗೆ ಲಾರಿ ಹಾರ್ನ್ ಹೊಡೀತಿತ್ತು, ನಾನು ಏಳಲಿಲ್ಲ.

ಇನ್ನೊಂದು ದೃಶ್ಯ. ಗೆಡ್‌ನ ಮೊದಲ ಗುರು ಒಜಿಯನ್, ಭೂಕಂಪವನ್ನೇ ತಡೆದ ದೊಡ್ಡ ಮಾಂತ್ರಿಕ. ಮಳೆ ಬಂದರೆ ಸುಮ್ನೆ ನೆನೆಯುತ್ತಾನೆ. ಬೇರೆ ಮಾಂತ್ರಿಕರು ಒಂದು ಮಂತ್ರ ಹೇಳಿ ಮೋಡವನ್ನು ಪಕ್ಕದ ಊರಿಗೆ ತಳ್ಳುತ್ತಾರೆ, ಅಲ್ಲಿನವನು ಇನ್ನೊಂದು ಊರಿಗೆ ತಳ್ಳುತ್ತಾನೆ, ಕೊನೆಗೆ ಅದು ಸಮುದ್ರದ ಮೇಲೆ ಹೋಗಿ ಸುರಿಯುತ್ತದೆ. ಇವನು ಮಾತ್ರ ಮರದ ಕೆಳಗೆ ಮಲಗಿರುತ್ತಾನೆ. ಹುಡುಗನಿಗೆ ಸಿಟ್ಟು, ಇಷ್ಟು ಶಕ್ತಿ ಇದ್ದೂ ಬಳಸದಿದ್ದರೆ ಏನು ಬಂತು ಅಂತ. ಮಳೆಗಾಗಿ ಗುರ್ಜಿ ಹೊತ್ತು ಮನೆ ಮನೆ ತಿರುಗಿದವನು ನಾನು. ಹಂಚಿನ ಮೇಲಿನ ಮಣ್ಣಿನ ಗುರ್ಜಿಯ ಮೇಲೆ ಹೆಂಗಸರು ಕೊಡದಿಂದ ನೀರು ಸುರಿದರೆ ಅದು ಮುಖದ ಮೇಲೆ ಇಳಿಯುತ್ತಿತ್ತು. ನನಗೂ ಒಜಿಯನ್ ಮೇಲೆ ಸಿಟ್ಟು ಬಂತು, ನಮ್ಮ ಕಡೆ ನಾಲ್ಕು ಮೋಡ ತಳ್ಳಬಾರದಾ ಅಂತ. ಆಮೇಲೆ ಲೆಕ್ಕದವನ ಬುದ್ಧಿ ಎಚ್ಚರವಾಯಿತು. ಇಲ್ಲಿ ಜಮಾ ಆದದ್ದು ಇನ್ನೆಲ್ಲೋ ಖರ್ಚು ಬಿದ್ದಿರಲೇಬೇಕು, ಅಲ್ವಾ? ಅಂದಿನಿಂದ ಫ್ಯಾಂಟಸಿ ಆರಿಸೋಕೆ ನನ್ನದು ಒಂದೇ ಅಳತೆ. ಮಂತ್ರಕ್ಕೆ ಖರ್ಚು ಇದೆಯಾ? ನಾಯಕ ಸಿಕ್ಕಿಹಾಕಿಕೊಂಡಾಗಲೆಲ್ಲ ಹೊಸ ಮಂತ್ರ ನೆನಪಾಗಿ ಬಚಾವಾಗುವ ಪುಸ್ತಕಗಳು ರಾಶಿ ಇವೆ, ಐವತ್ತು ಪುಟಕ್ಕೆ ಬಿಟ್ಟುಬಿಡುತ್ತೇನೆ. ಚಿಕ್ಕವನಿದ್ದಾಗ ಕಟಿಂಗ್ ಶಾಪಿನಲ್ಲಿ ಓದುತ್ತಿದ್ದ ಚಂದಮಾಮದ ಬೇತಾಳನ ಕಥೆ ನೋಡಿ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಒಡೆಯುತ್ತದೆ, ಹೇಳಿದರೆ ಶವ ಮತ್ತೆ ಮರಕ್ಕೆ. ಎಷ್ಟು ಬಿಗಿಯಾದ ಲೆಕ್ಕ!

ಆಮೇಲೆ ಹ್ಯಾರಿ ಪಾಟರ್. ಮೊದಲ ಭಾಗ 1997ರಲ್ಲಿ, ಏಳನೆಯದು 2007ರಲ್ಲಿ ಬಂತು. ಇದನ್ನು ನಾನೊಬ್ಬನೇ ಓದಲಿಲ್ಲ. ಆಗ ಏಳನೇ ಕ್ಲಾಸಿನಲ್ಲಿದ್ದ ಅಕ್ಕನ ಮಗಳಿಗೆ ಓದಿ ಹೇಳಿದೆ. ಹೇಗೆಂದರೆ, ಒಂದು ಪುಟ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುವುದು, ಪುಸ್ತಕ ಮಗುಚಿ ಅದನ್ನೇ ನಮ್ಮ ಮಾತಿನಲ್ಲಿ ಹೇಳುವುದು. ಹೇಳೋಕೆ ಬರಲಿಲ್ಲ ಅಂದರೆ ನನಗೇ ಅರ್ಥವಾಗಿಲ್ಲ ಅಂತ, ಮತ್ತೆ ಓದುವುದು. ಡಿಕ್ಷನರಿಗಿಂತ ಇದು ಒಳ್ಳೆಯದು, ನನ್ನ ಇಂಗ್ಲಿಷ್ ಸುಧಾರಿಸಿದ್ದೇ ಹೀಗೆ. ಹ್ಯಾರಿಯನ್ನು ದೊಡ್ಡಮ್ಮನ ಮನೆಯಲ್ಲಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗಿಸುತ್ತಾರೆ ಅಂದಾಗ ಅವಳ ಪ್ರಶ್ನೆ, "ಮಾಮಾ, ಅವ್ವ ಅಪ್ಪ ಇಲ್ಲಂದ್ರ ಅವನ ಹೆಸರು ಯಾರ ರೇಷನ್ ಕಾರ್ಡಿನ್ಯಾಗ ಐತಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮನಸ್ಸಿನ ಆಸೆಯನ್ನು ತೋರಿಸುವ ಒಂದು ಕನ್ನಡಿ ಬರುತ್ತದೆ ಮೊದಲ ಭಾಗದಲ್ಲಿ. ನಿನಗೇನು ಕಾಣ್ತಿತ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ ದಿನಾ ಮನೀಗೆ ಬರೋದು" ಅಂದಳು. ಭಾವ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ, ಹಬ್ಬಕ್ಕೆ ಬರುತ್ತಾರೆ. ಆ ರಾತ್ರಿ ಮುಂದೆ ಓದಲಿಲ್ಲ.

ಮೊದಲ ಮೂರು ಭಾಗ ಸಲೀಸು. ನಾಲ್ಕನೆಯದರಿಂದ ಪುಸ್ತಕ ದಪ್ಪವಾಗುತ್ತಾ ಹೋಗುತ್ತೆ, ಕಥೆಯೂ ಕಪ್ಪಾಗುತ್ತೆ. ಮಕ್ಕಳಿಗಾದರೆ ಮೂರು ಮುಗಿಸಿ ಒಂದು ವರ್ಷ ಬಿಡಿ.

ಇನ್ನು ನಮ್ಮ ಊರಿನದೇ ಮಾಯಾ ಕಾದಂಬರಿ. ಸಲ್ಮಾನ್ ರಶ್ದಿಯವರ 'ವಿಕ್ಟರಿ ಸಿಟಿ', 2023ರಲ್ಲಿ ಬಂತು. ವಿಜಯನಗರದ ಕಥೆ. ಪಂಪಾ ಕಂಪಾನ ಅನ್ನೋ ಒಂಬತ್ತು ವರ್ಷದ ಹುಡುಗಿಯ ಕಣ್ಣೆದುರು ತಾಯಿ ಬೆಂಕಿಗೆ ಹೋಗುತ್ತಾಳೆ, ಮಗುವಿನ ಮೈಮೇಲೆ ದೇವಿ ಬರುತ್ತಾಳೆ. ದೊಡ್ಡವಳಾದ ಮೇಲೆ ಹುಕ್ಕ ಬುಕ್ಕರ ಕೈಗೆ ಒಂದು ಚೀಲ ಬೀಜ ಕೊಟ್ಟು ಬಿತ್ತಿ ಅನ್ನುತ್ತಾಳೆ. ಬಿತ್ತಿದ ನೆಲದಿಂದ ಊರೇ ಏಳುತ್ತದೆ, ಗೋಡೆ, ಗುಡಿ, ಜನ ಸಮೇತ. ಆ ಜನಕ್ಕೆ ಹಿಂದಿನ ನೆನಪೇ ಇಲ್ಲ, ಒಬ್ಬೊಬ್ಬರ ಕಿವಿಯಲ್ಲಿ ಅವರ ಬದುಕಿನ ಕಥೆಯನ್ನು ಇವಳೇ ಪಿಸುಗುಟ್ಟಬೇಕು. ಇದನ್ನು ನಾನು ಓದಿದ್ದು 2024ರ ಆಗಸ್ಟಿನಲ್ಲಿ. ಟಿ.ಬಿ. ಡ್ಯಾಮಿನ, ಅಂದರೆ ತುಂಗಭದ್ರಾ ಅಣೆಕಟ್ಟಿನ, 19ನೇ ಗೇಟು ಕೊಚ್ಚಿಹೋದ ದಿನಗಳು. ಮಿಲ್ಲಿನಲ್ಲಿ ಬೇರೆ ಮಾತೇ ಇಲ್ಲ, ಬೆಳೆಗೆ ನೀರು ಉಳಿಯುತ್ತಾ, ಉಳಿಯದಿದ್ದರೆ ನಮ್ಮ ಕೆಲಸ ಉಳಿಯುತ್ತಾ. ಬೀಜ ಚೆಲ್ಲಿದರೆ ಊರು ಏಳುವ ಕಥೆಯನ್ನು ಅಂಥ ವಾರದಲ್ಲಿ ಓದುವುದು ಒಂಥರಾ ಅನ್ನಿಸಿತು. ಪಂಪಾಗೆ ಸಿಕ್ಕ ಆಯಸ್ಸು 247 ವರ್ಷ. ಖರ್ಚು? ತಾನು ಹರೆಯದವಳಾಗಿಯೇ ಇದ್ದು, ಹೆತ್ತ ಹೆಣ್ಣುಮಕ್ಕಳು ಮುದುಕಿಯರಾಗುವುದನ್ನು ನೋಡಬೇಕು.

ನನ್ನ ತಕರಾರೂ ಇದೆ. ಮೊದಲ ಭಾಗ ಬಹಳ ಚೆನ್ನ. ನಡುವೆ ರಾಜರು ಒಬ್ಬರ ಹಿಂದೆ ಒಬ್ಬರು ಬಂದು ಹೋಗುವಾಗ ಓಟ ಕುಂಟುತ್ತದೆ. ಊರಿಗೆ ಪುಸ್ತಕದುದ್ದಕ್ಕೂ ಬಿಸ್ನಗ ಅಂತಲೇ ಹೆಸರು, ಪೋರ್ಚುಗೀಸ್ ಪ್ರವಾಸಿಗರು ಹಾಗೇ ಬರೆದಿದ್ದರು ನಿಜ, ಆದರೂ ಹೊಳೆಯ ಈಚೆ ಹುಟ್ಟಿದವರ ಕಿವಿಗೆ ಅದು ಕಲ್ಲು ಸಿಕ್ಕಿದ ಅನ್ನದ ಹಾಗೆ. ಕಂಪ್ಲಿ, ಕುಮ್ಮಟದುರ್ಗ, ಕುಮಾರರಾಮ ಅಂತ ಕೇಳಿ ಬೆಳೆದವರು ಒಮ್ಮೆ ಓದಿ, ಜಗಳ ಆಡಿಕೊಂಡಾದರೂ ಓದಿ. ನಾನು ಕೊನೆಯ ಅಧ್ಯಾಯಗಳನ್ನು ಆನೆಗೊಂದಿಯಲ್ಲಿ, ಹೊಳೆ ದಂಡೆಯ ಬಂಡೆ ಮೇಲೆ ಕೂತು ಮುಗಿಸಿದೆ.

ಅಕ್ಕನ ಮಗಳ ಹಟಕ್ಕೆ ಒಂದು ಭಾನುವಾರ ಹಿರೇಬೆಣಕಲ್ಲಿಗೆ ಹೋದೆವು. ಬೆಟ್ಟದ ಮೇಲೆ ಬಂಡೆ ಚಪ್ಪಡಿ ನಿಲ್ಲಿಸಿ ಕಟ್ಟಿದ ಸಣ್ಣ ಸಣ್ಣ ಮನೆಗಳಂಥವು, ಈಗಲೂ ಸುಮಾರು 400 ಉಳಿದಿವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಜನ ಅದನ್ನು ಮೋರೇರ ಬೆಟ್ಟ ಅನ್ನುತ್ತಾರೆ. ಮೋರೇರು ಅಂದರೆ ಗಿಡ್ಡ ಜನ, ಅವರ ಮನೆಗಳಿವು ಅನ್ನುವುದು ನಂಬಿಕೆ. ಕೆಲವು ಚಪ್ಪಡಿಗಳಲ್ಲಿ ದುಂಡನೆ ಕಿಂಡಿ ಇದೆ. ಅವಳು ಅದರೊಳಗೆ ತಲೆ ಹಾಕಿ, "ಇದು ಹಾಬಿಟ್ ಮನಿ ಐತಿ ನೋಡ ಮಾಮಾ, ದುಂಡನ ಬಾಗ್ಲಾ!" ಅಂದಳು. ಅಲ್ಲವ್ವಾ, ಇವು ಮನೆಯಲ್ಲ, ಸತ್ತವರಿಗೆ ಕಟ್ಟಿದ್ದು ಅಂದೆ. ತಲೆ ಥಟ್ಟನೆ ಹೊರಗೆ ಬಂತು.

ಮನೆಗೆ ಬಂದವನೇ ಫೈಲಿನ ಕೆಳಗಿನ ಇಟ್ಟಿಗೆ ತೆಗೆಯಬೇಕು ಅಂದುಕೊಂಡೆ. ಆದರೆ ಈ ಸಲ ಬುದ್ಧಿ ಬಂದಿತ್ತು. ಮೊದಲು 'ದಿ ಹಾಬಿಟ್' ಓದಿದೆ. ಟೋಲ್ಕೀನ್ 1937ರಲ್ಲಿ ಮಕ್ಕಳಿಗಾಗಿ ಬರೆದದ್ದು, ಅಜ್ಜ ಕಟ್ಟೆ ಮೇಲೆ ಕೂತು ಹೇಳಿದ ಹಾಗಿದೆ. ಕತ್ತಲ ಗುಹೆಯಲ್ಲಿ ಹಾಬಿಟ್ ಬಿಲ್ಬೋ, ಅಲ್ಲೇ ಇರುವ ಗೊಲ್ಲಮ್ ಅನ್ನೋ ಜೀವಿ, ಇಬ್ಬರೂ ಒಗಟು ಹಾಕುತ್ತಾರೆ, ಬಿಲ್ಬೋ ಸೋತರೆ ಅವನ ಜೀವವೇ ಖರ್ಚು. ಆ ಅಧ್ಯಾಯವನ್ನು ಮನೆಯಲ್ಲಿ ಓದಿ ಹೇಳಿದ ರಾತ್ರಿ ನಮ್ಮವ್ವನೂ ಸೇರಿ ಹನ್ನೊಂದರವರೆಗೆ ಒಗಟು ಹಾಕಿದ್ದೇ ಹಾಕಿದ್ದು. ಅವ್ವನನ್ನು ಯಾರೂ ಸೋಲಿಸಲು ಆಗಲಿಲ್ಲ.

ಆಮೇಲೆ ಆ ಇಟ್ಟಿಗೆ. ಪೀಠಿಕೆ ಹಾರಿಸಿದೆ. ಹಾಡುಗಳನ್ನೂ ಹಾರಿಸಿದೆ, ಎರಡನೇ ಸಲಕ್ಕೆ ಇರಲಿ ಅಂತ. ಒಂದು ಹಳೇ ತೂಕದ ಚೀಟಿ ಬುಕ್ಕಿನ ಹಿಂಭಾಗದಲ್ಲಿ ಹೆಸರುಗಳನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡೆ. ಸೌರಾನ್ ಒಂದು ಸಾಲು, ಸಾರುಮಾನ್ ಇನ್ನೊಂದು. ಮುಂದೆ ಗೊಂದಲವೇ ಆಗಲಿಲ್ಲ. ಮೊದಲ ಭಾಗದಲ್ಲಿ ನಾಲ್ವರು ಹಾಬಿಟ್‌ಗಳು ಮಂಜಿನಲ್ಲಿ ದಾರಿ ತಪ್ಪಿ ಹಳೇ ರಾಜರ ಸಮಾಧಿ ದಿಬ್ಬಗಳಲ್ಲಿ ಸಿಕ್ಕಿಬೀಳುತ್ತಾರೆ. ಹಿಂದೆ ಅದನ್ನು ಕಣ್ಣಾಡಿಸಿ ದಾಟಿದ್ದೆ. ಮೋರೇರ ಬೆಟ್ಟ ನೋಡಿ ಬಂದ ಮೇಲೆ, ರಾತ್ರಿ ಎರಡು ಗಂಟೆಗೆ, ಹೊರಗೆ ಹೊಟ್ಟಿನ ಧೂಳಿನಲ್ಲಿ ಲೈಟು ಮಸುಕಾಗಿರುವಾಗ ಓದಿದರೆ, ಎದ್ದು ಬಾಗಿಲು ಹಾಕಿದೆ. ಮೂರು ತಿಂಗಳಲ್ಲಿ ಮುಗಿಯಿತು. ಎಲ್ರಾಂಡ್‌ನ ಸಭೆ ಈಗಲೂ ಉದ್ದವೇ.

ಕನ್ನಡದಲ್ಲೇ ಬೇಕು ಅನ್ನುವವರಿಗೆ ಎರಡು ಹೆಸರು. ಮಕ್ಕಳಿದ್ದರೆ ನಾ. ಕಸ್ತೂರಿಯವರ 'ಪಾತಾಳದಲ್ಲಿ ಪಾಪಚ್ಚಿ', ಆಲಿಸ್ ಕಥೆಯನ್ನು ಕನ್ನಡದ ಹುಡುಗಿಯನ್ನಾಗಿ ಮಾಡಿದ್ದಾರೆ. ದೊಡ್ಡವರಿಗೆ ಚಂದ್ರಶೇಖರ ಕಂಬಾರರ 'ಚಕೋರಿ', ಯಕ್ಷಿ ಬರುವ ಕಾವ್ಯ. ನಮ್ಮ ಕಡೆಯ ಮಾತು ಕಿವಿಯಲ್ಲಿದ್ದವರಿಗೆ ಅದು ಕಾವ್ಯ ಅಂತ ಹೆದರಿಕೆ ಬೇಡ. 'ಗೇಮ್ ಆಫ್ ಥ್ರೋನ್ಸ್' ಓದಲಾ ಅಂತ ಹುಡುಗರು ಕೇಳ್ತಾರೆ. ಚೆನ್ನಾಗಿದೆ, ಆದರೆ ಐದನೇ ಭಾಗ ಬಂದದ್ದು 2011ರಲ್ಲಿ, ಆರನೆಯದಕ್ಕೆ ಜಗತ್ತೇ ಕಾಯ್ತಾ ಕೂತಿದೆ. ಮಕ್ಕಳ ಕೈಗೆ ಮಾತ್ರ ಕೊಡಬೇಡಿ.

ಆಂಧ್ರದಿಂದ ಬಂದ ರೈತರು ನೆಲೆಸಿದ ಕ್ಯಾಂಪಿನಿಂದ ಭತ್ತ ತರುವ ಒಬ್ಬ ಡ್ರೈವರ್ ಇದ್ದಾನೆ, ತೆಲುಗಿನವನು, ಅವನೂ ಚಂದಮಾಮ ಓದಿ ಬೆಳೆದವನು. ನನ್ನ ಕೈಯಲ್ಲಿ ಇಟ್ಟಿಗೆ ನೋಡಿ ಏನದು ಅಂದ. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಉಂಗುರದ ಕಥೆ ಶುರು ಮಾಡಿದೆ. ಪ್ರತಿ ಲೋಡಿಗೂ ಹತ್ತು ನಿಮಿಷ. ಸುಗ್ಗಿ ಮುಗಿಯಿತು, ಕಥೆ ಮುಗಿಯಲಿಲ್ಲ. ಮೊನ್ನೆ ಮುಂದಿನ ಬೆಳೆಯ ಮೊದಲ ಲೋಡು ತಂದವನು ಕಾಟಾ ಮೇಲೆ ಲಾರಿ ನಿಲ್ಲಿಸಿ, ಇಳಿಯುವ ಮೊದಲೇ ಕಿಟಕಿಯಿಂದ ಕೂಗಿದ, "ಏನಣ್ಣಾ, ಉಂಗುರ ಬಿಸಾಕಿದ್ರಾ ಇಲ್ವಾ?"

ಮೊದಲು ಇಳಿಯಪ್ಪಾ, ನಿನ್ನ ತೂಕವೂ ಸೇರಿ ಬರ್ತಿದೆ ಅಂದೆ.