ವೆಬ್ ಪೇಜ್ ಪ್ರಿಂಟ್ ತೆಗೆದ್ರೆ ಕನ್ನಡ ಒಡೆದು ಹೋಗ್ತಿದ್ಯಾ? ಹೀಗೆ ಸರಿ ಮಾಡ್ಕೊಳ್ಳಿ

ಸ್ಕ್ರೀನ್ ಮೇಲೆ ನೀಟಾಗಿ ಕಾಣೋ ಕನ್ನಡ ಪೇಜು ಪಿಡಿಎಫ್ ಆದ ತಕ್ಷಣ ಹಾಳಾಗೋದನ್ನ ಕೊಡಗಿನ ಕುಶಾಲನಗರದಲ್ಲಾಗ್ಲಿ ಗೋಣಿಕೊಪ್ಪದಲ್ಲಾಗ್ಲಿ ಯಾವ ಜೆರಾಕ್ಸ್ ಅಂಗಡೀಲಿ ನಿಂತ್ರೂ ನೋಡ್ಬಹುದು. ಹೋಮ್‌ಸ್ಟೇ ರೇಟ್ ಲಿಸ್ಟು, ಕಾಫಿ ತೋಟದ ಔಷಧಿ ಸಿಂಪಡಣೆ ಮಾಹಿತಿ, ಸಂಘದ ನೋಟಿಸು, ಎಲ್ಲದರದ್ದೂ ಒಂದೇ ಗತಿ. ಆಗ ಎಲ್ರೂ ಮಾಡೋದು ಸಿಕ್ಕ ಸಿಕ್ಕ ಫಾಂಟ್ ಡೌನ್‌ಲೋಡ್ ಮಾಡಿ ಹಾಕೋದು. ದಯವಿಟ್ಟು ಅದನ್ನ ಮಾಡ್ಬೇಡಿ, ಮೊದ್ಲು ಅಕ್ಷರ ಯಾವ ಥರ ಕೆಟ್ಟಿದೆ ಅಂತ ಕಣ್ಣಿಟ್ಟು ನೋಡಿ, ಅದ್ರಲ್ಲೇ ಅರ್ಧ ಉತ್ತರ ಇರತ್ತೆ.

ಒಂದು ಪದ ಇಟ್ಕೊಂಡು ನೋಡೋಣ: ತೀರ್ಥೋದ್ಭವ. ಅರ್ಕಾವೊತ್ತು, ದೀರ್ಘ, ಒತ್ತಕ್ಷರ ಮೂರೂ ಇದೆ, ಹಾಗಾಗಿ ಪರೀಕ್ಷೆಗೆ ಇದಕ್ಕಿಂತ ಒಳ್ಳೇ ಪದ ಸಿಗಲ್ಲ.

ಪದದ ಜಾಗದಲ್ಲಿ ಬರೀ ಚೌಕ ಚೌಕ ಡಬ್ಬಿ ಬಂದಿದ್ರೆ, ಪಿಡಿಎಫ್ ಮಾಡಿದ ಕಡೆ ಕನ್ನಡ ಫಾಂಟೇ ಇಲ್ಲ ಅಂತ ಅರ್ಥ. ‘ಮಾಡಿದ ಕಡೆ’ ಅನ್ನೋದನ್ನ ಗಮನಿಸಿ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಫಾಂಟು ಸಿಸ್ಟಮ್ ಜೊತೆಗೇ ಬರತ್ತೆ, ಅಂದ್ರೆ ನಿಮ್ಮ ಕಂಪ್ಯೂಟರಲ್ಲಿ ಕನ್ನಡ ಇದ್ದೇ ಇದೆ. ಆದ್ರೆ ನೀವು ಲಿಂಕ್ ಕೊಟ್ಟು ಪಿಡಿಎಫ್ ಮಾಡಿಸ್ಕೊಳ್ಳೋ ವೆಬ್‌ಸೈಟು ಕೆಲಸ ಮಾಡೋದು ಅದರ ಸರ್ವರ್‌ನಲ್ಲಿ, ಅಲ್ಲಿ ಫಾಂಟ್ ಇಲ್ದಿದ್ರೆ ನಿಮ್ಮನೇಲಿ ಇಪ್ಪತ್ತು ಫಾಂಟ್ ಹಾಕಿದ್ರೂ ಏನೂ ಉಪಯೋಗ ಇಲ್ಲ.

ಅಕ್ಷರ ಬಂದಿದೆ, ಆದ್ರೆ ‘ರ್’ ಮುಂದೆ ಒಂಟಿಯಾಗಿ ನಿಂತಿದೆ, ‘ದ್’ ಬೇರೆ ‘ಭ’ ಬೇರೆ ಆಗಿದೆ ಅಂದ್ರೆ ಅದು ಫಾಂಟ್ ತಪ್ಪಲ್ಲ. ಯೂನಿಕೋಡ್‌ನಲ್ಲಿ (ಎಲ್ಲ ಭಾಷೆ ಅಕ್ಷರಗಳನ್ನೂ ಕಂಪ್ಯೂಟರಲ್ಲಿ ಉಳಿಸೋ ಈಗಿನ ಪದ್ಧತಿ) ‘ರ್ಥ’ ಸೇವ್ ಆಗಿರೋದು ರ, ಹಲಂತ, ಥ ಅಂತ ಬಿಡಿ ಬಿಡಿಯಾಗಿ. ಅದನ್ನ ಜೋಡಿಸಿ, ಅರ್ಕಾವೊತ್ತನ್ನ ಥ ಆದ್ಮೇಲೆ ತಂದು ಕೂರಿಸೋದು ಸಾಫ್ಟ್‌ವೇರ್ ಕೆಲಸ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಹಾರ್ಫ್‌ಬಝ್ ಅನ್ನೋ ಎಂಜಿನ್ ಇದನ್ನ ಮಾಡತ್ತೆ. ಆದ್ರೆ ಕೆಲವು ಸೈಟುಗಳ ‘ಡೌನ್‌ಲೋಡ್ ಪಿಡಿಎಫ್’ ಬಟನ್ ಹಿಂದೆ ಇರೋ ಜೆಎಸ್‌ಪಿಡಿಎಫ್, ಡೋಮ್‌ಪಿಡಿಎಫ್ ಥರದ ಲೈಬ್ರರಿಗಳಿಗೆ (ರೆಡಿಮೇಡ್ ಕೋಡ್‌ಗಳಿಗೆ) ಕನ್ನಡ ಜೋಡಿಸೋಕೆ ಬರಲ್ಲ. ಆ ಬಟನ್ ಮುಟ್ಲೇಬೇಡಿ.

ಇನ್ನೊಂದು ಸೂಕ್ಷ್ಮ ಇದೆ. ‘ಕೈಲ್‌ಪೊಳ್ದ್’ ಅಂತ ಕೊಡಗಿನ ಹಬ್ಬದ ಹೆಸರನ್ನ ಸೇರಿಸಿ ಬರೆದಾಗ ಲ್ ಮತ್ತೆ ಪೊ ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರತ್ತೆ, ಕೀಬೋರ್ಡ್‌ನೋರು ಅದನ್ನ ಝಡ್‌ಡಬ್ಲ್ಯೂಎನ್‌ಜೆ (ಮುಂದಿನ ಅಕ್ಷರ ಒತ್ತಾಗದ ಹಾಗೆ ತಡೆಯೋ ಗುರುತು) ಅಂತಾರೆ. ಟೆಕ್ಸ್ಟ್ ಕಾಪಿ ಮಾಡಿ ಬೇರೆ ಕಡೆ ಹಾಕುವಾಗ ಅದು ಬಿದ್ದು ಹೋದ್ರೆ ‘ಪ’ ಹೋಗಿ ‘ಲ’ ಕೆಳಗೆ ಒತ್ತಾಗಿ ಕೂರತ್ತೆ, ಹಬ್ಬದ ಹೆಸರೇ ಓದೋಕಾಗಲ್ಲ. ಕೊಡವ ತಕ್ಕ್, ಅಂದ್ರೆ ಕೊಡವ ಭಾಷೆಯ ಪದಗಳು ಎಷ್ಟೋ ಹಲಂತದಲ್ಲೇ ಮುಗಿಯೋದ್ರಿಂದ ನಮ್ಮ ಕಡೆ ಇದನ್ನ ಇನ್ನೂ ಜಾಸ್ತಿ ನೋಡ್ಕೋಬೇಕು. ಸಂಶಯ ಬಂದ್ರೆ ಅಲ್ಲೊಂದು ಸ್ಪೇಸ್ ಕೊಟ್ಬಿಡಿ.

ಇನ್ನು ಕೊಂಬು ಬಾಲ ಇರೋ ಇಂಗ್ಲಿಷ್ ಅಕ್ಷರಗಳು ಬಂದಿದ್ರೆ ಅದು ನುಡಿ, ಬರಹ ಸಾಫ್ಟ್‌ವೇರ್‌ಗಳ ಕಾಲದ ಹಳೇ ಆಸ್ಕಿ ಪೇಜು, ಅಂದ್ರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಆಕಾರ ಕೂರಿಸಿದ್ದು. ಯೂನಿಕೋಡ್ ಕನ್ವರ್ಟರ್‌ಗೆ ಹಾಕಿ ಬದಲಾಯಿಸ್ಕೊಳ್ಳಿ, ಮುಗೀತು.

ಈಗ ಪ್ರಿಂಟ್ ಕೊಡೋದು. ಪೇಜು ಪೂರ್ತಿ ಕೆಳಗಿನವರೆಗೂ ಸ್ಕ್ರೋಲ್ ಮಾಡಿ, ಸ್ವಲ್ಪ ಕಾಯಿರಿ, ಯಾಕಂದ್ರೆ ಎಷ್ಟೋ ಸೈಟುಗಳ ಫಾಂಟು ನೆಟ್‌ನಿಂದ ಇಳೀಬೇಕು, ನಮ್ಮ ಮಳೆಗಾಲದ ನೆಟ್ಟಲ್ಲಿ ಅದಕ್ಕೆ ಟೈಮ್ ಹಿಡಿಯತ್ತೆ. ಆಮೇಲೆ ಕಂಟ್ರೋಲ್ ಪಿ, ಡೆಸ್ಟಿನೇಷನ್‌ನಲ್ಲಿ ‘ಸೇವ್ ಆಸ್ ಪಿಡಿಎಫ್’. ಪಕ್ಕದಲ್ಲೇ ಇರೋ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಬೇಡ. ಪೇಪರ್ ಎ4.

ಪ್ರಿವ್ಯೂನಲ್ಲಿ ಫಾಂಟೇ ಬದಲಾಗಿ ಕಂಡ್ರೆ ಗಾಬರಿ ಆಗ್ಬೇಡಿ, ಪ್ರಿಂಟ್‌ಗೆ ಅಂತ ಬೇರೆ ಫಾಂಟ್ ಇಟ್ಟಿರೋ ಸೈಟುಗಳೂ ಇವೆ. ಅಕ್ಷರ ಜೋಡಣೆ ಸರಿ ಇದ್ರೆ ಸಾಕು. ಹೆಡಿಂಗ್‌ನಲ್ಲಿ ಒತ್ತಕ್ಷರ ಮಸಿ ಮೆತ್ತಿದ ಹಾಗೆ ತುಂಬ್ಕೊಂಡಿದ್ರೆ ಆ ಫಾಂಟಿಗೆ ಬೋಲ್ಡ್ ಇಲ್ಲ, ಬ್ರೌಸರ್ ತಾನೇ ದಪ್ಪ ಮಾಡಿದೆ. ಪೇಜ್ ನಿಮ್ದೇ ಆಗಿದ್ರೆ ನೋಟೋ ಸಾನ್ಸ್ ಕನ್ನಡ ಹಾಕಿ, ಫ್ರೀ ಇದೆ, ಬೋಲ್ಡೂ ಸೇರಿ ಎಲ್ಲ ದಪ್ಪದಲ್ಲೂ ಬರತ್ತೆ.

ಅಂಗಡಿಗೆ ಹೊರಡೋ ಮುಂಚೆ ಪಿಡಿಎಫ್‌ನ ಅಡೋಬ್ ರೀಡರ್‌ನಲ್ಲಿ ತೆಗೆದು ಫೈಲ್, ಪ್ರಾಪರ್ಟೀಸ್, ಫಾಂಟ್ಸ್‌ಗೆ ಹೋಗಿ. ಪ್ರತಿ ಫಾಂಟ್ ಪಕ್ಕ ‘ಎಂಬೆಡೆಡ್’ ಅಥವಾ ‘ಎಂಬೆಡೆಡ್ ಸಬ್‌ಸೆಟ್’ (ಫಾಂಟು ಫೈಲ್ ಒಳಗೇ ಸೇರಿದೆ) ಅಂತ ಇರ್ಲೇಬೇಕು. ಇಲ್ಲ ಅಂದ್ರೆ ಅಂಗಡಿ ಕಂಪ್ಯೂಟರು ತನ್ನ ಹತ್ರ ಇರೋ ಫಾಂಟ್ ತುರುಕತ್ತೆ. ವರ್ಡ್ ಫೈಲ್ ತಗೊಂಡು ಹೋಗೋರ ಅಕ್ಷರ ಕೆಡೋದೂ ಬಹಳಷ್ಟು ಸಲ ಇದೇ ಕಾರಣಕ್ಕೆ.

ಇಷ್ಟೆಲ್ಲ ಸರಿ ಇದ್ದೂ ಕಾಗದದ ಮೇಲೆ ಮಾತ್ರ ಕೆಟ್ರೆ ತಪ್ಪು ಬಹುಶಃ ಪ್ರಿಂಟರ್ ಡ್ರೈವರ್‌ದು (ಪ್ರಿಂಟರ್ ನಡೆಸೋ ಸಾಫ್ಟ್‌ವೇರ್). ರೀಡರ್‌ನ ಪ್ರಿಂಟ್ ವಿಂಡೋದಲ್ಲಿ ಅಡ್ವಾನ್ಸ್ಡ್ ಒತ್ತಿ ‘ಪ್ರಿಂಟ್ ಆಸ್ ಇಮೇಜ್’ ಟಿಕ್ ಮಾಡಿಸಿ. ಹೀಗೆ ಕೊಟ್ರೆ ನಿಧಾನ ಆಗತ್ತೆ, ಹಾಗಾಗಿ ಕೆಟ್ಟಿರೋ ಪೇಜ್ ನಂಬರ್ ಮಾತ್ರ ಹಾಕಿ ತೆಗೆಸ್ಕೊಳ್ಳಿ.